ಪಿಯುಸಿಗೆ ಕ್ಯಾಲ್ಕ್ಯುಲಸ್ ಎಲ್ಲಿಂದ ಶುರು ಮಾಡೋಣ? ನಾಲ್ಕು ದಾರಿಗಳ ಹೋಲಿಕೆ

ಪ್ರಥಮ ಪಿಯುಸಿ ಗಣಿತ ಪುಸ್ತಕದಲ್ಲಿ 14 ಅಧ್ಯಾಯಗಳಿವೆ. ಲಿಮಿಟ್ (ಬೆಲೆ ಯಾವ ಸಂಖ್ಯೆಯ ಹತ್ತಿರ ಹೋಗುತ್ತದೆ ಎಂಬುದು) ಮತ್ತು ಡೆರಿವೇಟಿವ್ (ಬದಲಾವಣೆಯ ದರ) ಬರುವುದು 12ನೆಯದರಲ್ಲಿ. ಪುಸ್ತಕದ ಸಾಲು ಹಿಡಿದು ಹೋದರೆ ಆ ಪಾಠಕ್ಕೆ ಕೈ ಹಾಕುವ ಹೊತ್ತಿಗೆ ಡಿಸೆಂಬರ್ ಬಂದಿರುತ್ತದೆ. ಫಿಸಿಕ್ಸ್‌ನಲ್ಲಿ ಹಾಗಲ್ಲ. ಎರಡನೇ ಅಧ್ಯಾಯದಲ್ಲೇ, ಅಂದರೆ ಕಾಲೇಜು ಶುರುವಾದ ಕೆಲವೇ ವಾರಗಳಲ್ಲಿ, ಬೋರ್ಡ್ ಮೇಲೆ ಡಿಎಕ್ಸ್ ಬೈ ಡಿಟಿ, ಅಂದರೆ ಡೆರಿವೇಟಿವ್ ಆಗಿ ಬರೆದ ವೇಗ, ಬಂದುಬಿಟ್ಟಿರುತ್ತದೆ. ಆಗಷ್ಟೇ ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದ ಮಕ್ಕಳು ಅದನ್ನು ನೋಡಿ, ಮೇಲಿನ ಡಿ ಕೆಳಗಿನ ಡಿ ಹೊಡೆದುಹಾಕಬಹುದಾ ಅಂತ ಕೇಳುತ್ತಾರೆ. ತಪ್ಪು ಅವರದಲ್ಲ.

ನಮ್ಮ ಪಿಯು ವಿಜ್ಞಾನ ವಿಭಾಗ ಎನ್‌ಸಿಇಆರ್‌ಟಿ ಪಠ್ಯಕ್ಕೆ ಬಂದದ್ದು 2012-13ರಲ್ಲಿ ಪ್ರಥಮ ವರ್ಷಕ್ಕೆ, ಮರುವರ್ಷ ದ್ವಿತೀಯ ವರ್ಷಕ್ಕೆ. ಗಣಿತಕ್ಕೂ ಫಿಸಿಕ್ಸ್‌ಗೂ ನಡುವಿನ ಈ ಆರು ತಿಂಗಳ ಅಂತರ ಪ್ರತಿ ವರ್ಷವೂ ಹಾಗೇ ಇದೆ. ಅದನ್ನು ತುಂಬುವ ಕೆಲಸ ಆಯಾ ಕಾಲೇಜಿನ ಗಣಿತ ಉಪನ್ಯಾಸಕರ ಮೇಲೆ ಬೀಳುತ್ತದೆ. ಹೊಸದಾಗಿ ಪಾಠಕ್ಕೆ ಸೇರಿದವರು, ಟ್ಯೂಷನ್ ನಡೆಸುವವರು, ಮನೆಯಲ್ಲಿ ಮಗಳನ್ನೋ ತಮ್ಮನನ್ನೋ ಕೂರಿಸಿಕೊಂಡು ಹೇಳಿಕೊಡುವವರು ಎಲ್ಲರಿಗೂ ಇದೇ ಪ್ರಶ್ನೆ: ಮೊದಲು ಏನು ಹೇಳಿಕೊಡಬೇಕು?

ದಾರಿಗಳು ಮುಖ್ಯವಾಗಿ ನಾಲ್ಕು. ಪುಸ್ತಕದ ಸಾಲಿನಲ್ಲಿ ಲಿಮಿಟ್‌ನಿಂದ ಹೋಗುವುದು ಒಂದು. ವೇಗದಿಂದ ಹೊರಟು ಡೆರಿವೇಟಿವ್‌ಗೆ ಬರುವುದು ಇನ್ನೊಂದು. ವಿಸ್ತೀರ್ಣದಿಂದ, ಅಂದರೆ ಇಂಟಿಗ್ರೇಷನ್‌ನಿಂದ, ಶುರು ಮಾಡುವುದು ಮೂರನೆಯದು. ಸೂತ್ರಗಳ ಪಟ್ಟಿ ಕೊಟ್ಟು ಲೆಕ್ಕ ಮಾಡಿಸಿಬಿಡುವುದು ನಾಲ್ಕನೆಯದು. ನಾಲ್ಕಕ್ಕೂ ಅದರದರ ಜಾಗ ಇದೆ. ಆದರೆ ನನ್ನ ಒಲವು ಯಾವುದರ ಕಡೆ ಅಂತ ಮುಚ್ಚಿಡುವುದಿಲ್ಲ. ಮಕ್ಕಳ ಬಾಯಲ್ಲಿ ಪ್ರಶ್ನೆ ಮೊದಲು ಬರಬೇಕು, ಲಿಮಿಟ್ ಅದಕ್ಕೆ ಉತ್ತರವಾಗಿ ಆಮೇಲೆ ಬರಬೇಕು. ಹಾಗಾಗುವುದು ಎರಡನೇ ದಾರಿಯಲ್ಲಿ.

ಮೊದಲು ನೋಡಬೇಕಾದ್ದು: ಯಾರಿಗೆ ಯಾವಾಗ ಏನು ಬೇಕು

ಯಾವ ದಾರಿ ಹಿಡಿಯುವ ಮೊದಲೂ ಫಿಸಿಕ್ಸ್ ಮತ್ತು ಕೆಮಿಸ್ಟ್ರಿ ಪುಸ್ತಕ ತೆರೆದು ಒಂದು ಸಲ ಕಣ್ಣಾಡಿಸಿ. ಅಚ್ಚರಿಯಾಗುತ್ತದೆ.

ಪ್ರಥಮ ಪಿಯುಸಿ ಫಿಸಿಕ್ಸ್‌ನಲ್ಲಿ ನೇರ ಚಲನೆಯ ಪಾಠಕ್ಕೆ ಡೆರಿವೇಟಿವ್ ಬೇಕು. ಬದಲಾಗುವ ಬಲ ಮಾಡುವ ಕೆಲಸ ಲೆಕ್ಕ ಹಾಕಲು ಇಂಟಿಗ್ರಲ್ ಬೇಕು. ಥರ್ಮೋಡೈನಮಿಕ್ಸ್‌ನಲ್ಲಿ ಉಷ್ಣತೆ ಬದಲಾಗದಂತೆ ಅನಿಲ ಹಿಗ್ಗುವ ಲೆಕ್ಕದಲ್ಲಿ ಒಂದು ಬೈ ವಿ ಎಂಬುದನ್ನು ಇಂಟಿಗ್ರೇಟ್ ಮಾಡಿ ಲಾಗರಿದಮ್ ಬರುತ್ತದೆ. ಆಂದೋಲನದ ಪಾಠದಲ್ಲಿ ಕಾಸ್ ಆಫ್ ಒಮೆಗಾ ಟಿ ಪ್ಲಸ್ ಫೈ ಎಂಬುದನ್ನು ಎರಡು ಸಲ ಡಿಫರೆನ್ಷಿಯೇಟ್ ಮಾಡಬೇಕು, ಅಂದರೆ ಡೆರಿವೇಟಿವ್ ತೆಗೆಯಬೇಕು. ಅದಕ್ಕೆ ಚೈನ್ ರೂಲ್ ಬೇಕು, ಅಂದರೆ ಫಂಕ್ಷನ್ ಒಳಗೆ ಇನ್ನೊಂದು ಫಂಕ್ಷನ್ ಇದ್ದಾಗ ಡೆರಿವೇಟಿವ್ ತೆಗೆಯುವ ನಿಯಮ. ಗಣಿತದಲ್ಲಿ ಚೈನ್ ರೂಲ್ ಇರುವುದು ದ್ವಿತೀಯ ಪಿಯುಸಿಯ 5ನೇ ಅಧ್ಯಾಯದಲ್ಲಿ. ಇಂಟಿಗ್ರೇಷನ್ ಇರುವುದು ದ್ವಿತೀಯ ಪಿಯುಸಿಯ 7ನೇ ಅಧ್ಯಾಯದಲ್ಲಿ, ಅದೂ ಎರಡನೇ ಭಾಗದ ಪುಸ್ತಕದಲ್ಲಿ. ಅಂದರೆ ಬೇಕಾದ ಹೊತ್ತಿಗೂ ಕಲಿಯುವ ಹೊತ್ತಿಗೂ ಒಂದು ವರ್ಷದಷ್ಟು ಅಂತರ.

ದ್ವಿತೀಯ ಪಿಯುಸಿಯಲ್ಲೂ ಅದೇ ಕಥೆ. ಜೂನ್‌ನಲ್ಲೇ ಸ್ಥಿರ ವಿದ್ಯುತ್ತಿನ ಪಾಠಕ್ಕೆ ಇಂಟಿಗ್ರಲ್ ಬೇಕು. ಕೆಮಿಸ್ಟ್ರಿಯಲ್ಲಿ ಕೆಮಿಕಲ್ ಕೈನೆಟಿಕ್ಸ್, ಅಂದರೆ ರಾಸಾಯನಿಕ ಕ್ರಿಯೆಗಳ ವೇಗದ ಪಾಠ, 3ನೇ ಅಧ್ಯಾಯ. ಫಸ್ಟ್ ಆರ್ಡರ್ ಕ್ರಿಯೆಯ ಸಮೀಕರಣ ಅಂದರೆ ಅಪ್ಪಟ ಡಿಫರೆನ್ಷಿಯಲ್ ಈಕ್ವೇಷನ್ (ಡೆರಿವೇಟಿವ್ ಇರುವ ಸಮೀಕರಣ). ಗಣಿತದಲ್ಲಿ ಅದು 9ನೇ ಅಧ್ಯಾಯ.

ಈ ಪಟ್ಟಿ ಎದುರಿಗಿದ್ದರೆ ಉಳಿದ ತೀರ್ಮಾನ ಸುಲಭ.

ಪುಸ್ತಕದ ದಾರಿ: ಲಿಮಿಟ್ ಮೊದಲು

ಇದರ ಬಲ ಏನು ಅಂದರೆ, ಅಲ್ಲಿಗೆ ಬರುವಷ್ಟರಲ್ಲಿ ಬೇಕಾದ ಸಾಮಗ್ರಿ ಎಲ್ಲ ಕೈಯಲ್ಲಿರುತ್ತದೆ. ಫಂಕ್ಷನ್ ಅಂದರೆ ಏನು ಅಂತ ಗೊತ್ತು. ರೇಡಿಯನ್ ಗೊತ್ತು. ಬೈನಾಮಿಯಲ್ ಪ್ರಮೇಯ ಆಗಿದೆ, ಹಾಗಾಗಿ ಎಕ್ಸ್‌ನ ಯಾವ ಧನ ಪೂರ್ಣಾಂಕ ಘಾತಕ್ಕೂ ಡೆರಿವೇಟಿವ್ ಸಾಧಿಸಿ ತೋರಿಸಬಹುದು. ಸರಳರೇಖೆಯ ಪಾಠ ಆಗಿದೆ, ಇಳಿಜಾರು ಗೊತ್ತು. ಎಲ್ಲ ಸೆಕ್ಷನ್‌ಗೂ ಒಂದೇ ವೇಳಾಪಟ್ಟಿ. ನಡುವೆ ಕಾಲೇಜು ಬದಲಾಯಿಸಿ ಬಂದ ಮಕ್ಕಳಿಗೂ ತೊಂದರೆ ಇಲ್ಲ. ತೀಟಾ ಸೊನ್ನೆಯ ಹತ್ತಿರ ಹೋದಾಗ ಸೈನ್ ತೀಟಾ ಬೈ ತೀಟಾ 1ರ ಹತ್ತಿರ ಹೋಗುತ್ತದೆ ಎಂಬುದನ್ನು ಚಿತ್ರ ಬರೆದು ಸಾಧಿಸುವ ಐದು ಅಂಕದ ಪ್ರಶ್ನೆ ನಮ್ಮ ವಾರ್ಷಿಕ ಪರೀಕ್ಷೆಯಲ್ಲಿ ಎಲ್ಲರಿಗೂ ಪರಿಚಿತ. ಅದಕ್ಕೆ ಈ ದಾರಿ ನೇರವಾಗಿ ತಯಾರು ಮಾಡುತ್ತದೆ.

ಕೊರತೆ ಎಲ್ಲಿ? ಪುಸ್ತಕದಲ್ಲಿ ಅಷ್ಟಾಗಿ ಇಲ್ಲ, ನಾವು ಅದನ್ನು ಓದುವ ರೀತಿಯಲ್ಲಿದೆ. 12ನೇ ಅಧ್ಯಾಯ ತೆರೆದು ನೋಡಿ. ಪೀಠಿಕೆ ಆದ ಕೂಡಲೇ ಇರುವುದು ಲಿಮಿಟ್ ಅಲ್ಲ. ಎತ್ತರದಿಂದ ಬೀಳುವ ವಸ್ತು ಇದೆ, ಎಸ್ = 4.9ಟಿ² (ಎಸ್ ಬಿದ್ದ ದೂರ, ಟಿ ಕಾಲ). ಟಿ 2 ಸೆಕೆಂಡ್ ಆದಾಗ ವೇಗ ಎಷ್ಟು ಅಂತ ಒಂದು ಕೋಷ್ಟಕ ಇದೆ. ಅದನ್ನು ಬರೆದವರಿಗೆ ವೇಗದಿಂದಲೇ ಶುರು ಮಾಡುವ ಆಸೆ ಇತ್ತು ಅನ್ನುವುದು ಸ್ಪಷ್ಟ. ನಾವು ಆ ಎರಡು ಪುಟ ಹಾರಿಸಿ ನೇರ ಲಿಮಿಟ್ ಲೆಕ್ಕಕ್ಕೆ ಹೋಗುತ್ತೇವೆ, ಯಾಕೆಂದರೆ ಅಂಕ ಇರುವುದು ಅಲ್ಲಿ, ಸಮಯ ಇರುವುದು ಕಡಿಮೆ. ಆಗ ಮಕ್ಕಳಿಗೆ ಲಿಮಿಟ್ ಅಂದರೆ 0 ಬೈ 0 ಬಂದಾಗ ಮೇಲೆ ಕೆಳಗೆ ಅಪವರ್ತನ ಮಾಡಿ ಹೊಡೆದುಹಾಕುವ ಒಂದು ತಂತ್ರ ಆಗಿಬಿಡುತ್ತದೆ. ಯಾಕೆ ಬೇಕಿತ್ತು ಇದು ಅಂತ ಕೇಳಿದರೆ ಮೌನ.

ಪುಸ್ತಕದ ದಾರಿಯನ್ನೇ ಹಿಡಿಯುವವರು ಆ ಕೋಷ್ಟಕಕ್ಕೆ ಪೂರ್ತಿ ಎರಡು ಪೀರಿಯಡ್ ಕೊಡಿ. ಅಷ್ಟು ಮಾಡಿದರೂ ಪಾಠದ ಬಣ್ಣ ಬದಲಾಗುತ್ತದೆ.

ವೇಗದ ದಾರಿ: ಜೂನ್‌ನಲ್ಲೇ ಒಂದು ಸೇತುವೆ

ಇದರಲ್ಲಿ 12ನೇ ಅಧ್ಯಾಯವನ್ನು ಹಿಂದಕ್ಕೆ ಎಳೆಯುವುದಿಲ್ಲ. ಅದು ತನ್ನ ಜಾಗದಲ್ಲೇ ಇರುತ್ತದೆ. ಬದಲಿಗೆ ಜೂನ್-ಜುಲೈನಲ್ಲಿ ಹತ್ತು ಪೀರಿಯಡ್ ತೆಗೆದುಕೊಂಡು ವೇಗ, ಇಳಿಜಾರು, ವಿಸ್ತೀರ್ಣ ಈ ಮೂರನ್ನು ಸಂಖ್ಯೆಗಳ ಮೂಲಕ ಪರಿಚಯ ಮಾಡಿಸುತ್ತೇವೆ.

ಮೊದಲ ಪೀರಿಯಡ್ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡೋಣ. ಬೋರ್ಡ್ ಮೇಲೆ ಎಸ್ = 4.9ಟಿ² ಬರೆಯಿರಿ. 2 ಸೆಕೆಂಡ್ ಆದಾಗ ಕಲ್ಲಿನ ವೇಗ ಎಷ್ಟು ಅಂತ ಕೇಳಿ. ಕ್ಲಾಸಿನಲ್ಲಿ ಯಾರಾದರೂ ದೂರ ಭಾಗಿಸು ಕಾಲ ಅಂತ ಹೇಳೇ ಹೇಳುತ್ತಾರೆ, 19.6 ಭಾಗಿಸು 2, ಅಂದರೆ 9.8. ಅದು ಸರಾಸರಿ ಅಲ್ವಾ ಅಂತ ಇನ್ನೊಬ್ಬರು ಹೇಳುವ ತನಕ ಕಾಯಿರಿ. ಆಮೇಲೆ ಕೋಷ್ಟಕ. 1ರಿಂದ 2 ಸೆಕೆಂಡ್ ನಡುವೆ ಸರಾಸರಿ ವೇಗ 14.7. 1.5ರಿಂದ 2ರ ನಡುವೆ 17.15. 1.9ರಿಂದ 19.11. 1.99ರಿಂದ 19.551. ಒಂದೊಂದು ಬೆಂಚಿಗೆ ಒಂದೊಂದು ಲೆಕ್ಕ ಹಂಚಿ. ಉತ್ತರಗಳನ್ನು ಸಾಲಾಗಿ ಬರೆದಾಗ, 19.6ಕ್ಕೆ ಹೋಗ್ತಾ ಇದೆ ಸರ್, ಅಂತ ಅವರೇ ಹೇಳುತ್ತಾರೆ. ನೀವು ಇನ್ನೂ ಲಿಮಿಟ್ ಎಂಬ ಪದವನ್ನೇ ಎತ್ತಿಲ್ಲ.

ಫಿಸಿಕ್ಸ್ ಪುಸ್ತಕದಲ್ಲೂ ಇಂಥದ್ದೇ ಒಂದು ಕೋಷ್ಟಕ ಇದೆ, ಎಕ್ಸ್ = 0.08ಟಿ³, ಟಿ 4 ಆದಾಗ. ಅಲ್ಲಿ 4ರ ಎರಡೂ ಬದಿಗೆ ಸಮಯ ತೆಗೆದುಕೊಂಡು 3.92, 3.86, 3.845 ಅಂತ 3.84ಕ್ಕೆ ಇಳಿಯುತ್ತಾರೆ. ಎರಡೂ ಪುಸ್ತಕ ಒಟ್ಟಿಗೆ ತೆರೆದು ತೋರಿಸಿ. ಎರಡೂ ಕ್ಲಾಸಿನಲ್ಲಿ ನಡೆಯುತ್ತಿರುವುದು ಒಂದೇ ಕೆಲಸ ಅಂತ ಮಕ್ಕಳಿಗೆ ಆಗ ಗೊತ್ತಾಗುತ್ತದೆ.

ಮೂರನೇ ಪೀರಿಯಡ್ ಗ್ರಾಫ್ ಶೀಟ್ ಮೇಲೆ. ಎಕ್ಸ್ ವರ್ಗದ ವಕ್ರರೇಖೆ ಬರೆಸಿ, 3ರ ಹತ್ತಿರ ಸ್ಕೇಲ್ ಇಟ್ಟು ಇಳಿಜಾರು ಅಳೆಸಿ. ಬಲಕ್ಕೆ 0.1 ಸರಿದರೆ 6.1, 0.01 ಸರಿದರೆ 6.01. ಎಡಕ್ಕೆ ಸರಿದರೆ 5.9, 5.99. ನಾಲ್ಕನೇ ಪೀರಿಯಡ್‌ನಲ್ಲಿ ಬೀಜಗಣಿತ. 3ರ ಬದಲು 3 ಪ್ಲಸ್ ಎಚ್. ವರ್ಗ ಬಿಡಿಸಿ, 9 ಕಳೆದು, ಎಚ್‌ನಿಂದ ಭಾಗಿಸಿದರೆ 6 ಪ್ಲಸ್ ಎಚ್. ಎಚ್ ಸೊನ್ನೆಗೆ ಹೋದರೆ 6.

ಪ್ರಶ್ನೆ ಬರುವುದು ಇಲ್ಲೇ. ಎಚ್ ಸೊನ್ನೆ ಅಲ್ಲ ಅಂತ ಭಾಗಿಸಿದ್ರಿ, ಆಮೇಲೆ ಸೊನ್ನೆ ಅಂತ ಹಾಕಿದ್ರಿ, ಇದು ಮೋಸ ಅಲ್ವಾ ಸರ್? ಈ ಪ್ರಶ್ನೆ ಬಂದರೆ ನಿಮ್ಮ ಪಾಠ ಗೆದ್ದಿದೆ. 1734ರಲ್ಲಿ ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ ನ್ಯೂಟನ್ನರ ವಿಧಾನದ ಮೇಲೆ ಎತ್ತಿದ್ದು ಇದೇ ಆಕ್ಷೇಪ. ತೃಪ್ತಿಯಾಗುವ ಉತ್ತರ ರೂಪುಗೊಳ್ಳಲು 1821ರಲ್ಲಿ ಫ್ರಾನ್ಸಿನ ಕೋಶಿ, ಆಮೇಲೆ ಜರ್ಮನಿಯ ವೈಯರ್‌ಸ್ಟ್ರಾಸ್ ಬರಬೇಕಾಯಿತು. ಆ ಉತ್ತರವೇ ಲಿಮಿಟ್. ಇಷ್ಟನ್ನು ಮಕ್ಕಳಿಗೆ ಹೇಳಿ, ಪ್ರಶ್ನೆಯನ್ನು ನೋಟ್ಸ್‌ನಲ್ಲಿ ಬರೆಸಿ, ಡಿಸೆಂಬರ್‌ನಲ್ಲಿ ಇದಕ್ಕೆ ಉತ್ತರ ಕಲಿಯುತ್ತೇವೆ ಅಂತ ಮಾತು ಕೊಡಿ. 12ನೇ ಅಧ್ಯಾಯ ಬಂದಾಗ ಅದೇ ಪುಟ ತೆರೆಸಿ ಶುರು ಮಾಡಿ. ಲಿಮಿಟ್‌ಗೆ ಕಾಯುತ್ತಿರುವ ಕ್ಲಾಸಿಗೂ ಲಿಮಿಟ್ ತಲೆ ಮೇಲೆ ಬಂದು ಬೀಳುವ ಕ್ಲಾಸಿಗೂ ಬಹಳ ವ್ಯತ್ಯಾಸ ಇದೆ.

ಉಳಿದ ಪೀರಿಯಡ್‌ಗಳಲ್ಲಿ ಘನ, ಒಂದು ಬೈ ಎಕ್ಸ್, ಮೊತ್ತದ ನಿಯಮ, ಆಮೇಲೆ ವೇಗ-ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣ. ಘಾತದ ನಿಯಮವನ್ನು 2, 3, 4ಕ್ಕೆ ಬಿಡಿಸಿ ತೋರಿಸಿ, ಮುಂದಿನದನ್ನು ಅವರಿಂದಲೇ ಊಹೆ ಮಾಡಿಸಿ. ಪೂರ್ತಿ ಸಾಧನೆಗೆ ಬೈನಾಮಿಯಲ್ ಬೇಕು, ಅದು ಆಮೇಲೆ.

ಒಂದು ಎಚ್ಚರಿಕೆ. ಸೈನ್, ಕೊಸೈನ್‌ಗಳ ಡೆರಿವೇಟಿವ್ ಅನ್ನು ಜೂನ್‌ನಲ್ಲಿ ತುರುಕಬೇಡಿ. ಎಸ್‌ಎಸ್‌ಎಲ್‌ಸಿಯಿಂದ ಬಂದ ಮಕ್ಕಳಿಗೆ ಕೋನ ಅಂದರೆ ಡಿಗ್ರಿ. ಮೊಬೈಲ್ ಕ್ಯಾಲ್ಕ್ಯುಲೇಟರ್‌ನಲ್ಲಿ ಡಿಗ್ರಿ ಇಟ್ಟು 0.1ರ ಸೈನ್ ತೆಗೆದು 0.1ರಿಂದ ಭಾಗಿಸಿದರೆ 0.01745 ಬರುತ್ತದೆ. ರೇಡಿಯನ್ ಇಟ್ಟರೆ 0.998. ಕ್ಯಾಲ್ಕ್ಯುಲಸ್‌ಗೆ ರೇಡಿಯನ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ, ಆದರೆ ಅದಕ್ಕೆ ತ್ರಿಕೋನಮಿತಿ ಪಾಠ ಮುಗಿದಿರಬೇಕು. ಹಾಗಾಗಿ ಫಿಸಿಕ್ಸ್‌ನಲ್ಲಿ ಆಂದೋಲನದ ಪಾಠ ಬರುವ ಮೊದಲ ವಾರ ಮೂರು ಪೀರಿಯಡ್ ಬೇರೆ ಇಟ್ಟುಕೊಳ್ಳಿ. ಸೈನ್ ನಕ್ಷೆಯ ಇಳಿಜಾರನ್ನು ಅಲ್ಲಲ್ಲಿ ಅಳೆಸಿ: ಸೊನ್ನೆಯಲ್ಲಿ 1, ಪೈ ಬೈ 2ರಲ್ಲಿ 0, ಪೈನಲ್ಲಿ ಮೈನಸ್ 1. ಆ ಬಿಂದುಗಳನ್ನು ಸೇರಿಸಿದರೆ ಕೊಸೈನ್ ಎದ್ದು ಬರುತ್ತದೆ. ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲಿ ಗ್ರಹಗಳ ತಾತ್ಕಾಲಿಕ ಗತಿ ಲೆಕ್ಕ ಹಾಕುವಾಗ ಬಳಸಿದ್ದೂ ಈ ಸಂಬಂಧವನ್ನೇ, ಸೈನ್‌ನ ಸಣ್ಣ ವ್ಯತ್ಯಾಸ ಕೊಸೈನ್‌ನ ಅನುಪಾತದಲ್ಲಿರುತ್ತದೆ ಅಂತ. ಚೈನ್ ರೂಲ್ ಪೂರ್ತಿ ಬೇಡ. ಒಳಗೆ ಒಮೆಗಾ ಟಿ ಇದ್ದರೆ ಹೊರಗೆ ಒಮೆಗಾ ಬರುತ್ತದೆ ಎಂಬಷ್ಟು ಸಾಕು, ಎರಡು ಪಟ್ಟು ಬೇಗ ಓಡುವ ಅಲೆಯ ಇಳಿಜಾರು ಎರಡು ಪಟ್ಟು ಅಂತ ನಕ್ಷೆಯಲ್ಲೇ ಕಾಣುತ್ತದೆ.

ಈ ದಾರಿಯ ಕೊರತೆಯನ್ನೂ ಹೇಳಬೇಕು. ಜೂನ್‌ನಲ್ಲಿ ಹತ್ತು ಪೀರಿಯಡ್ ಹೋದರೆ ಸೆಟ್ಸ್ ಪಾಠ ಹಿಂದೆ ಬೀಳುತ್ತದೆ. ಮೊದಲ ಕಿರು ಪರೀಕ್ಷೆಗೆ ಈ ಭಾಗದಿಂದ ಪ್ರಶ್ನೆ ಬರುವುದಿಲ್ಲ, ಹಾಗಾಗಿ ಕೆಲವು ಮಕ್ಕಳು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಕಳೆದುಹೋದ ಸಮಯದ ಒಂದು ಭಾಗ ಡಿಸೆಂಬರ್‌ನಲ್ಲಿ ವಾಪಸ್ ಸಿಗುತ್ತದೆ, ಯಾಕೆಂದರೆ 12ನೇ ಅಧ್ಯಾಯ ಬೇಗ ಸಾಗುತ್ತದೆ. ಪೂರ್ತಿ ಸಿಗುವುದಿಲ್ಲ.

ಹಳ್ಳಿ ಕಡೆಯಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಜಾಸ್ತಿ ಇರುವ ಕ್ಲಾಸಿನಲ್ಲಿ ಈ ದಾರಿಯ ಬೆಲೆ ಇನ್ನೂ ದೊಡ್ಡದು. ಪಿಯು ವಿಜ್ಞಾನಕ್ಕೆ ಬಂದ ಮೊದಲ ತಿಂಗಳು ಅವರಿಗೆ ಇಂಗ್ಲಿಷೇ ಒಂದು ಬೆಟ್ಟ. ಸಂಖ್ಯೆಗಳ ಕೋಷ್ಟಕಕ್ಕೆ ಇಂಗ್ಲಿಷ್ ಬೇಕಿಲ್ಲ. ಅದರಲ್ಲಿ ಅವರು ಎಲ್ಲರ ಜೊತೆ ಸರಿಸಮವಾಗಿ ನಿಲ್ಲುತ್ತಾರೆ, ಎಷ್ಟೋ ಸಲ ಮುಂದೆ ಇರುತ್ತಾರೆ.

ವಿಸ್ತೀರ್ಣದ ದಾರಿ: ಇಂಟಿಗ್ರೇಷನ್ ಮೊದಲು

ಇತಿಹಾಸದಲ್ಲಿ ವಿಸ್ತೀರ್ಣದ ಲೆಕ್ಕ ಬಹಳ ಹಿಂದಿನದು. ಪರವಲಯದ ತುಂಡೊಂದರ ವಿಸ್ತೀರ್ಣವನ್ನು ಆರ್ಕಿಮಿಡೀಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಕಂಡುಹಿಡಿದಿದ್ದರು. ಅದೇ ಸಾಲಿನಲ್ಲಿ ಪಾಠ ಮಾಡುವವರೂ ಇದ್ದಾರೆ. ನಮ್ಮ ಪಿಯು ವ್ಯವಸ್ಥೆಗೆ ಇದು ಇಡೀ ಕೋರ್ಸ್ ಆಗಿ ಹೊಂದುವುದಿಲ್ಲ. ಪರೀಕ್ಷೆಯ ಸಾಲು ಪೂರಾ ತಿರುಗುಮುರುಗು ಆಗುತ್ತದೆ. ಆದರೂ ಇದರಿಂದ ಒಂದೆರಡು ಪೀರಿಯಡ್ ಎತ್ತಿಕೊಳ್ಳಲೇಬೇಕು, ಅದಕ್ಕೆ ನಮ್ಮ ದಿನಪತ್ರಿಕೆಗಳಲ್ಲೇ ಬೇಕಾದಷ್ಟು ಸರಕಿದೆ.

ಮಳೆಗಾಲದಲ್ಲಿ ಕೆಆರ್‌ಎಸ್ ಜಲಾಶಯದ ಒಳಹರಿವು, ಹೊರಹರಿವು, ಮಟ್ಟ, ಸಂಗ್ರಹ ದಿನಾ ಪ್ರಕಟವಾಗುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.452 ಟಿಎಂಸಿ ಅಂತ ಮಂಡ್ಯ, ಮೈಸೂರು ಕಡೆಯ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ದರ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅದು ಮೊತ್ತ. ದಿನಕ್ಕೆ 86,400 ಸೆಕೆಂಡ್. ಹಾಗಾಗಿ 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ.

ಈಗ ಲೆಕ್ಕ ಕೊಡಿ. ಒಂದು ದಿನ ಒಳಹರಿವು 30,000, ಹೊರಹರಿವು 7,000 ಕ್ಯೂಸೆಕ್. ನಿವ್ವಳ 23,000. ಮರುದಿನ ನಿವ್ವಳ 18,000, ಮೂರನೇ ದಿನ 9,000. ಮೂರು ದಿನದಲ್ಲಿ ಎಷ್ಟು ಟಿಎಂಸಿ ಸೇರಿತು? ಮೂರು ಆಯತ ಬರೆದು ಕೂಡಿಸಿದರೆ 50,000, ಅದನ್ನು 11,574ರಿಂದ ಭಾಗಿಸಿದರೆ ಸುಮಾರು 4.32 ಟಿಎಂಸಿ. ದಿನವಿಡೀ ಹರಿವು ಒಂದೇ ಸಮ ಇರುತ್ತದಾ ಅಂತ ಕೇಳಿ. ಇಲ್ಲ ಅನ್ನುತ್ತಾರೆ. ಹಾಗಾದರೆ ಗಂಟೆಗೊಮ್ಮೆ ಅಳೆಯೋಣ, ಆಯತ ಸಣ್ಣದಾಗುತ್ತದೆ, ಲೆಕ್ಕ ನಿಖರವಾಗುತ್ತದೆ. ಇಂಟಿಗ್ರಲ್ ಅಂದರೆ ಏನು ಅಂತ ಇನ್ನು ವಿವರಿಸುವುದು ಏನಿದೆ? ಸಂಗ್ರಹ ಬದಲಾಗುವ ದರವೇ ನಿವ್ವಳ ಹರಿವು ಅಂತ ಹೇಳಿದರೆ ಕ್ಯಾಲ್ಕ್ಯುಲಸ್‌ನ ಮೂಲ ಪ್ರಮೇಯವೂ ಅಲ್ಲೇ ಬಂತು. ಚುರುಕಾದ ಮಕ್ಕಳಿಗೆ ಇನ್ನೊಂದು ಪ್ರಶ್ನೆ: ಅಣೆಕಟ್ಟು ತುಂಬುತ್ತಾ ಬಂದ ಹಾಗೆ, ಅಷ್ಟೇ ನೀರು ಬಂದರೂ ಮಟ್ಟ ಏರುವುದು ಯಾಕೆ ನಿಧಾನ? ನೀರು ಹರಡಿಕೊಳ್ಳುವ ಜಾಗ ಮೇಲೆ ಹೋದಂತೆ ಅಗಲವಾಗುತ್ತದೆ. ದ್ವಿತೀಯ ಪಿಯುಸಿಯ ದರಗಳ ಲೆಕ್ಕಕ್ಕೆ ಇದು ಸೊಗಸಾದ ಪೀಠಿಕೆ.

2023ರ ಪಠ್ಯ ಕಡಿತದಲ್ಲಿ ಮೊತ್ತದ ಲಿಮಿಟ್ ಆಗಿ ಇಂಟಿಗ್ರಲ್ ಎಂಬ ಭಾಗ ಹೋಯಿತು. ಪರೀಕ್ಷೆಗೆ ಬೇಡದಿದ್ದರೂ ಈ ಆಯತಗಳ ಪೀರಿಯಡ್ ಬಿಡಬೇಡಿ. ಇದಿಲ್ಲದಿದ್ದರೆ ಇಂಟಿಗ್ರೇಷನ್ ಅಂದರೆ ಉಲ್ಟಾ ಡಿಫರೆನ್ಷಿಯೇಷನ್ ಅಷ್ಟೇ ಆಗಿ ಉಳಿಯುತ್ತದೆ. ಅದು ವಿಸ್ತೀರ್ಣ ಹೇಗೆ ಕೊಡುತ್ತದೆ ಅಂತ ಕೊನೆ ತನಕ ಗೊತ್ತಾಗುವುದಿಲ್ಲ.

ಸೂತ್ರದ ದಾರಿ

ಸಿಇಟಿ, ಜೆಇಇ ತರಬೇತಿ ಜೊತೆಗಿರುವ ಕಡೆ ಇದು ಸಾಮಾನ್ಯ. ಮೊದಲ ವಾರವೇ ಒಂದು ಹಾಳೆಯಲ್ಲಿ ಡೆರಿವೇಟಿವ್, ಇಂಟಿಗ್ರಲ್ ಸೂತ್ರಗಳು. ಎರಡು ದಿನ ಅಭ್ಯಾಸ. ಫಿಸಿಕ್ಸ್ ಲೆಕ್ಕ ಓಡಲು ಶುರು.

ಕೆಲಸ ಆಗುತ್ತದೆ ಅನ್ನುವುದು ನಿಜ. ಸಮಯ ತೀರಾ ಕಡಿಮೆ ಇದ್ದು, ಮುಂದಿನ ವಾರವೇ ಫಿಸಿಕ್ಸ್ ಪಾಠ ಇದ್ದರೆ ನಾನೂ ಇದನ್ನೇ ಮಾಡುತ್ತೇನೆ. ಆದರೆ ಇದಾದ ಮೇಲೆ ಕೋಷ್ಟಕ ಇಟ್ಟುಕೊಂಡು ಕೂತರೆ ಮಕ್ಕಳಿಗೆ ಆಸಕ್ತಿ ಇರುವುದಿಲ್ಲ. ಉತ್ತರ ಗೊತ್ತಿದೆಯಲ್ಲ ಸರ್, 9.8ಟಿ, ಯಾಕೆ ಸುಮ್ನೆ ಇಷ್ಟೆಲ್ಲ? ಒಮ್ಮೆ ಸೂತ್ರ ಕೈಗೆ ಬಂದ ಮೇಲೆ ಪ್ರಶ್ನೆ ಹುಟ್ಟಿಸುವುದು ಕಷ್ಟ. ದ್ವಿತೀಯ ಪಿಯುಸಿಯಲ್ಲಿ ಕಂಟಿನ್ಯೂಟಿ ಬಂದಾಗ, ಮಾಡ್ಯುಲಸ್ ಎಕ್ಸ್‌ಗೆ ಸೊನ್ನೆಯಲ್ಲಿ ಡೆರಿವೇಟಿವ್ ಯಾಕಿಲ್ಲ ಅಂತ ಕೇಳಿದಾಗ, ಇದರ ಬೆಲೆ ತೆರಬೇಕಾಗುತ್ತದೆ. ಸ್ಕೇಲ್ ಇಟ್ಟು ಇಳಿಜಾರು ಅಳೆದವರು ಆ ಚೂಪು ಮೂಲೆಯಲ್ಲಿ ಎಡಕ್ಕೆ ಮೈನಸ್ 1, ಬಲಕ್ಕೆ ಪ್ಲಸ್ 1 ಅಂತ ತಟ್ಟನೆ ಹೇಳುತ್ತಾರೆ. ಸೂತ್ರ ಮಾತ್ರ ಕಲಿತವರು ಸೂತ್ರ ಹುಡುಕುತ್ತಾರೆ.

ಸೂತ್ರದ ದಾರಿಯೇ ಅನಿವಾರ್ಯವಾದರೆ ಘಾತದ ಸೂತ್ರ ಒಂದನ್ನೇ ಕೊಡಿ. ಪೂರ್ತಿ ಹಾಳೆ ಬೇಡ.

ಯಾರಿಗೆ ಯಾವುದು

ಒಂದೇ ಕಾಲೇಜು, ಒಬ್ಬರೇ ಗಣಿತ ಉಪನ್ಯಾಸಕರು, ಪಾಠದ ಸಾಲಿನಲ್ಲಿ ಸ್ವಲ್ಪ ಸ್ವಾತಂತ್ರ್ಯ ಇದೆ ಅಂದರೆ ಎರಡನೇ ದಾರಿ. ಯೋಚನೆ ಮಾಡುವ ಹಾಗೇ ಇಲ್ಲ. ಹಲವು ಸೆಕ್ಷನ್, ಎಲ್ಲರಿಗೂ ಒಂದೇ ದಿನ ಒಂದೇ ಪರೀಕ್ಷೆ ಅಂತಿದ್ದರೆ ಪುಸ್ತಕದ ದಾರಿ ಬಿಡಲಾಗದು. ಆಗ ಸೇತುವೆಯನ್ನು ನಾಲ್ಕು ಪೀರಿಯಡ್‌ಗೆ ಇಳಿಸಿ: ಕೋಷ್ಟಕ, ಗ್ರಾಫ್, ಬೀಜಗಣಿತ, ವಿಸ್ತೀರ್ಣ.

ಇಬ್ಬರು ಉಪನ್ಯಾಸಕರಿದ್ದು ಒಬ್ಬರು ಬೀಜಗಣಿತ, ಇನ್ನೊಬ್ಬರು ಕ್ಯಾಲ್ಕ್ಯುಲಸ್ ಅಂತ ಹಂಚಿಕೊಳ್ಳುವ ಪದ್ಧತಿ ಎಷ್ಟೋ ಕಾಲೇಜುಗಳಲ್ಲಿದೆ. ದ್ವಿತೀಯ ಪಿಯುಸಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಬ್ಬರು ಮೊದಲ ಅಧ್ಯಾಯದಿಂದ, ಇನ್ನೊಬ್ಬರು ಜೂನ್‌ನಲ್ಲೇ 5ನೇ ಅಧ್ಯಾಯದಿಂದ ಹೊರಟರೆ ಕೆಮಿಸ್ಟ್ರಿಯಲ್ಲಿ ಕೈನೆಟಿಕ್ಸ್ ಬರುವ ಹೊತ್ತಿಗೆ ಮಕ್ಕಳಿಗೆ ಡಿಫರೆನ್ಷಿಯೇಷನ್ ಕೈ ಹಿಡಿದಿರುತ್ತದೆ.

ಸಿಬಿಎಸ್‌ಇ ಶಾಲೆಗಳಲ್ಲಿ ಅಂಕಗಳ ಲೆಕ್ಕವನ್ನೂ ನೋಡಬೇಕು. 11ನೇ ತರಗತಿಯಲ್ಲಿ ಕ್ಯಾಲ್ಕ್ಯುಲಸ್‌ಗೆ 80ರಲ್ಲಿ 8 ಅಂಕ. 12ರಲ್ಲಿ 80ರಲ್ಲಿ 35. ಮೊದಲ ವರ್ಷ ಅಂಕ ಕಡಿಮೆ ಅಂತ ಓಡಿಸಿದರೆ ಮರುವರ್ಷದ 35 ಅಲುಗಾಡುತ್ತದೆ.

ಬೆಂಗಳೂರಿನ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಶಾಲೆಗಳಲ್ಲಿ ಆಯ್ಕೆಯ ರೂಪ ಬೇರೆ. ಅಲ್ಲಿ ಅನಾಲಿಸಿಸ್ ಅಂಡ್ ಅಪ್ರೋಚಸ್, ಅಪ್ಲಿಕೇಷನ್ಸ್ ಅಂಡ್ ಇಂಟರ್‌ಪ್ರಿಟೇಷನ್ ಅಂತ ಎರಡು ಗಣಿತ. ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಕ್ಯಾಲ್ಕ್ಯುಲಸ್‌ಗೆ ಮೊದಲನೆಯದರಲ್ಲಿ 28 ಗಂಟೆ, ಎರಡನೆಯದರಲ್ಲಿ 19. ಎಂಜಿನಿಯರಿಂಗ್ ಮನಸ್ಸಿನಲ್ಲಿದ್ದರೆ ಮೊದಲನೆಯದು. ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೆ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಕ್ಯಾಲ್ಕ್ಯುಲಸ್‌ನಲ್ಲಿ ಎಬಿ, ಬಿಸಿ ಅಂತ ಎರಡು. ಎಬಿಯಲ್ಲಿರುವುದೆಲ್ಲ ಬಿಸಿಯಲ್ಲೂ ಇದೆ, ಜೊತೆಗೆ ಅನಂತ ಶ್ರೇಣಿ, ಪೋಲಾರ್ ಮತ್ತು ಪ್ಯಾರಾಮೆಟ್ರಿಕ್ ವಕ್ರರೇಖೆಗಳು. ಬೀಜಗಣಿತದಲ್ಲಿ ಕೈ ಗಟ್ಟಿ ಇಲ್ಲದ ಮಗುವನ್ನು ಅಪ್ಪ ಅಮ್ಮನ ಆಸೆಗೆ ಬಿಸಿಗೆ ತಳ್ಳಬೇಡಿ.

ಕೈಬಿಟ್ಟ ಪಾಠಗಳನ್ನು ಏನು ಮಾಡೋಣ

ಮೊತ್ತದ ಲಿಮಿಟ್ ಜೊತೆಗೆ ಸ್ಪರ್ಶಕ ಮತ್ತು ಲಂಬ, ಅಂದಾಜು ಬೆಲೆ, ರೋಲ್ ಮತ್ತು ಮೀನ್ ವ್ಯಾಲ್ಯೂ ಪ್ರಮೇಯ, ಎರಡು ವಕ್ರರೇಖೆಗಳ ನಡುವಿನ ವಿಸ್ತೀರ್ಣ ಕೂಡ ದ್ವಿತೀಯ ಪಿಯುಸಿಯಿಂದ ಹೋದವು. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯಾಗಿ, ಅವನ್ನು ಮೌಲ್ಯಮಾಪನದಿಂದ ಹೊರಗಿಡಬೇಕಾಯಿತು. ಪರೀಕ್ಷೆಗೋಸ್ಕರ ಇವನ್ನೆಲ್ಲ ಮತ್ತೆ ತುಂಬುವ ಅಗತ್ಯ ಇಲ್ಲ.

ಸ್ಪರ್ಶಕಕ್ಕೆ ಮಾತ್ರ ಒಂದು ಪೀರಿಯಡ್ ಕೊಡಿ. ಡೆರಿವೇಟಿವ್‌ನ ಚಿತ್ರವೇ ಅದು. ಅದೇ ಪೀರಿಯಡ್‌ನಲ್ಲಿ 50ರ ವರ್ಗಮೂಲ ತೆಗೆಸಿ. 49ರಲ್ಲಿ ಸ್ಪರ್ಶಕ ಎಳೆದು ಒಂದು ಹೆಜ್ಜೆ ಮುಂದೆ ಹೋದರೆ 7 ಪ್ಲಸ್ 1 ಬೈ 14, ಅಂದರೆ 7.0714. ನಿಜವಾದ ಬೆಲೆ 7.0711. ಕ್ಯಾಲ್ಕ್ಯುಲೇಟರ್ ಇಲ್ಲದೆ ಇಷ್ಟು ಹತ್ತಿರ ಬಂದದ್ದು ನೋಡಿ ಮಕ್ಕಳು ಖುಷಿಪಡುತ್ತಾರೆ. ಉಳಿದವನ್ನು ಬಿಡಬಹುದು.

ಸಾಧನದ ವಿಷಯ ಒಂದೇ ಮಾತು. ಮೊದಲು ಗ್ರಾಫ್ ಶೀಟ್, ಆಮೇಲೆ ನಕ್ಷೆ ಬರೆಯುವ ಜಿಯೋಜೀಬ್ರಾ ಆ್ಯಪ್. ಅದು ಉಚಿತ, ಮೊಬೈಲ್‌ನಲ್ಲೂ ನಡೆಯುತ್ತದೆ. ಆದರೆ ಕೈಯಲ್ಲಿ ಒಮ್ಮೆ ಸ್ಪರ್ಶಕ ಎಳೆಯದವರಿಗೆ ಪರದೆ ಮೇಲೆ ಓಡಾಡುವ ಗೆರೆ ಬರೀ ಆಟ.

ಕಾಲೇಜು ಶುರುವಾಗುವ ಮುಂಚೆ ವೇಳಾಪಟ್ಟಿ ಹಾಕುವ ದಿನ ಫಿಸಿಕ್ಸ್ ಮತ್ತು ಕೆಮಿಸ್ಟ್ರಿಯವರ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ನೇರ ಚಲನೆ ಯಾವ ವಾರ, ಕೆಲಸ ಮತ್ತು ಶಕ್ತಿ ಯಾವ ವಾರ, ಆಂದೋಲನ ಯಾವ ತಿಂಗಳು, ಕೈನೆಟಿಕ್ಸ್ ಯಾವಾಗ ಅಂತ ನಾಲ್ಕು ತಾರೀಕು ಬರೆದುಕೊಳ್ಳಿ. ಸ್ಥಿರ ವಿದ್ಯುತ್ ಪಾಠವನ್ನು ಒಂದು ವಾರ ಮುಂದಕ್ಕೆ ಹಾಕಲು ಆಗುತ್ತದಾ ಅಂತಲೂ ಕೇಳಿ. ಕೇಳಿದರೆ ಒಪ್ಪುವವರೇ ಜಾಸ್ತಿ, ಅವರಿಗೂ ಕ್ಯಾಲ್ಕ್ಯುಲಸ್ ಗೊತ್ತಿರುವ ಕ್ಲಾಸ್ ಬೇಕು. ಆ ತಾರೀಕುಗಳಿಗಿಂತ ಒಂದೊಂದು ವಾರ ಹಿಂದೆ ನಿಮ್ಮ ಸೇತುವೆಯ ಪೀರಿಯಡ್‌ಗಳನ್ನು ಗುರುತು ಹಾಕಿಕೊಂಡು, ಉಳಿದ ಅಧ್ಯಾಯಗಳನ್ನು ಅದರ ಸುತ್ತ ಜೋಡಿಸಿ.